ಕೇರಂ ಆಡೋಕೆ 160 ಕಿಲೋಮೀಟರ್ ಹೋಗೋರು ಇದ್ದಾರಾ? ಇದ್ದೇವೆ

ನೀವು ಕೇಳಿದ್ದು ಇಷ್ಟು: "ಅಮೆರಿಕದಲ್ಲಿ ಪಿನ್‌ಬಾಲ್ ಪಂದ್ಯ ಆಡೋಕೆ ಜನ ರಜೆ ಹಾಕಿ ಊರೂರು ಸುತ್ತುತ್ತಾರಂತೆ. ನಮ್ಮ ಕಡೆ ಅಂಥ ಹುಚ್ಚು ಇರೋರು ಯಾರಾದರೂ ಇದ್ದೀರಾ? ಮನೆಯಲ್ಲೇ ಆಡಬಹುದಾದ ಆಟಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?"

ಇದ್ದೇನೆ. ನನ್ನದು ಪಿನ್‌ಬಾಲ್ ಅಲ್ಲ, ಕೇರಂ. ಊರು ಶಿರಸಿ ಹತ್ತಿರದ ಒಂದು ಹಳ್ಳಿ, ಕೆಲಸ ಕಾರವಾರದಲ್ಲಿ. 12 ವರ್ಷದಿಂದ ಭಾನುವಾರ ಬಂತೆಂದರೆ ಅಂಕೋಲಾ, ಕುಮಟಾ, ಯಲ್ಲಾಪುರ, ಹುಬ್ಬಳ್ಳಿ, ಒಮ್ಮೊಮ್ಮೆ ಗಡಿ ದಾಟಿ ಮಡಗಾಂವ್. ಜೇಬಿನಲ್ಲಿ ಒಂದು ಸ್ಟ್ರೈಕರ್, ಚೀಲದಲ್ಲಿ ಪೌಡರ್ ಡಬ್ಬಿ, ಹಳೇ ಪಂಚೆ ಹರಿದು ಮಾಡಿದ ಬಟ್ಟೆ. ಜೊತೆಗೆ ಭಾವ, ಅಂದರೆ ನನ್ನ ಅಕ್ಕನ ಗಂಡ. ಡಬಲ್ಸ್‌ನಲ್ಲಿ ನಮ್ಮದು ಖಾಯಂ ಜೋಡಿ.

ಪಿನ್‌ಬಾಲನ್ನು ನಾನು ವಿಡಿಯೋದಲ್ಲಿ ಮಾತ್ರ ನೋಡಿದ್ದು. ಗಾಜಿನ ಕೆಳಗೆ ಸುಮಾರು ಆರೂವರೆ ಡಿಗ್ರಿ ಇಳಿಜಾರಿನ ಹಲಗೆ, ಅದರ ಮೇಲೆ 80 ಗ್ರಾಂ ತೂಕದ ಉಕ್ಕಿನ ಗುಂಡು, ಅದು ಕೆಳಗೆ ಬೀಳದ ಹಾಗೆ ತಟ್ಟಿ ಮೇಲೆ ಕಳಿಸಲು ಎರಡು ಫ್ಲಿಪ್ಪರ್. ಯಂತ್ರವನ್ನು ಸ್ವಲ್ಪ ದೂಡಬಹುದು, ಅದೂ ಆಟದ ಭಾಗವೇ. ಜಾಸ್ತಿ ದೂಡಿದರೆ ಒಳಗೆ ತೂಗಾಡುವ ಲೋಲಕ ಸುತ್ತಲಿನ ಬಳೆಗೆ ತಾಗುತ್ತದೆ, 'ಟಿಲ್ಟ್' ಆಗಿ ಫ್ಲಿಪ್ಪರ್ ಸತ್ತುಹೋಗುತ್ತದೆ. ನನಗೆ ಹಿಡಿಸಿದ್ದು ಬೇರೆ ವಿಷಯ. ಒಂದೇ ಮಾಡೆಲ್‌ನ ಎರಡು ಯಂತ್ರ ಎರಡು ಊರಲ್ಲಿ ಒಂದೇ ಥರ ಆಡುವುದಿಲ್ಲವಂತೆ. ಒಂದರ ಇಳಿಜಾರು ಸ್ವಲ್ಪ ಜಾಸ್ತಿ, ಇನ್ನೊಂದರ ರಬ್ಬರ್ ಸವೆದಿರುತ್ತದೆ, ಮತ್ತೊಂದು ಮುಟ್ಟಿದರೆ ಟಿಲ್ಟ್. ಇದನ್ನು ಕೇಳಿ ನಗು ಬಂತು. ನಮ್ಮ ಕಥೆಯೂ ಇದೇ ಅಲ್ವಾ? 'ಯಾಕೆ ಅಷ್ಟು ದೂರ' ಅನ್ನುವುದಕ್ಕೆ ನನ್ನ ಉತ್ತರವೂ ಇದೇ: ಬೋರ್ಡು ಬೇರೆ.

ಕೇರಂ ಬೋರ್ಡಿಗೆ ಅಳತೆ ಇದೆ. ಆಡುವ ಜಾಗ 73.5ರಿಂದ 74 ಸೆಂಟಿಮೀಟರ್ ಚೌಕ. ಸ್ಟ್ರೈಕರ್ 15 ಗ್ರಾಂ ಮೀರಬಾರದು. ಕಾಯಿನ್ ಐದೂವರೆ ಗ್ರಾಂ ಒಳಗೆ. ಅಳತೆ ನೋಡಿದರೆ ಎಲ್ಲ ಬೋರ್ಡೂ ಒಂದೇ. ಆದರೆ ಹಲಗೆ ಪ್ಲೈವುಡ್ಡು. ನಮ್ಮ ಜಿಲ್ಲೆಯ ಮಳೆಗೆ ಪ್ಲೈವುಡ್ಡು ಏನಾಗುತ್ತದೆ ಅನ್ನೋದು ಇಲ್ಲಿ ಒಂದು ಮಳೆಗಾಲ ಕಳೆದವರಿಗೆ ಗೊತ್ತು.

ನಾನು ಆಟ ಕಲಿತದ್ದೇ ಮಳೆಗಾಲದಲ್ಲಿ, ಮನೆಯ ಜಗಲಿಯ ಮೇಲೆ. ತೋಟಕ್ಕೆ ಹೋಗುವ ಹಾಗಿಲ್ಲ, ಕರೆಂಟಿಲ್ಲ, ಶಾಲೆಗೆ ರಜೆ. ಅಂಗಳದಲ್ಲಿ ನೀರು ಹರಿಯುತ್ತಿದ್ದರೆ ನಾವು ನಾಲ್ಕು ಜನ ಬೋರ್ಡಿನ ಸುತ್ತ. ಜೂನ್ ಮುಗಿಯುವಷ್ಟರಲ್ಲಿ ಬೋರ್ಡು ಥಂಡಿ ಹಿಡಿಯುತ್ತಿತ್ತು. ಹೊಡೆದ ಕಾಯಿನ್ ಅರ್ಧ ದಾರಿಯಲ್ಲಿ ನಿಂತುಬಿಡುವುದು. ಆಯಿಯ ಮುಖಕ್ಕೆ ಹಚ್ಚುವ ಪೌಡರ್ ಕದ್ದು ಸುರಿದರೆ ಅದು ಹತ್ತು ನಿಮಿಷಕ್ಕೆ ಉಂಡೆಯಾಗಿ, ಬೋರ್ಡೂ ಹಾಳು, ಬೈಗುಳವೂ ಖರ್ಚಿಲ್ಲದೆ ಸಿಗುವುದು. ಕೊನೆಗೆ ಅಜ್ಜ ಒಂದು ಉಪಾಯ ಹೇಳಿದ. ಮಳೆಗಾಲದಲ್ಲಿ ನಮ್ಮ ಕಡೆ ಬಚ್ಚಲ ಒಲೆ ಆರುವುದೇ ಇಲ್ಲ, ಬಟ್ಟೆ ಒಣಗುವುದೂ ಅಲ್ಲೇ. ಬೋರ್ಡನ್ನೂ ಅಲ್ಲೇ ಗೋಡೆಗೆ ಒರಗಿಸಿಟ್ಟೆವು. ಒಂದು ವಾರ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಭಾವ ಬಂದವನು ಬೋರ್ಡು ನೋಡಿ, "ಇದು ಉಬ್ಬಿ ಹೋಯ್ದಲ್ಲೋ" ಅಂದ. ನಡುವೆ ಹೊಟ್ಟೆ ಬಂದಿತ್ತು, ಒಂದು ಮೂಲೆಯಲ್ಲಿ ಚೌಕಟ್ಟು ಬಾಯಿ ಬಿಟ್ಟಿತ್ತು.

ಆ ಹೊಟ್ಟೆ ಬಂದ ಬೋರ್ಡಿನಲ್ಲೇ ನಾವು ಆರು ವರ್ಷ ಆಡಿದೆವು. ನಡುವಿನಿಂದ ಮೆಲ್ಲಗೆ ಬಿಟ್ಟ ಕಾಯಿನ್ ತಾನೇ ಮೂಲೆಯ ಕಡೆ ಜಾರುತ್ತಿತ್ತು. ಬಾಯಿ ಬಿಟ್ಟ ಮೂಲೆಯ ಪಕ್ಕದ ಅಂಚಿಗೆ ಬಡಿದರೆ ಸ್ಟ್ರೈಕರ್ ವಾಪಸ್ ಬರದೆ ಸತ್ತುಬೀಳುತ್ತಿತ್ತು. ಇವೆಲ್ಲ ನನಗೆ ಬಾಯಿಪಾಠ. ಆ ಜಗಲಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ. ನಾನು ದೊಡ್ಡ ಆಟಗಾರ ಅಂತಲೇ ತಿಳಿದಿದ್ದೆ.

ಮೊದಲ ಸಲ ಹುಬ್ಬಳ್ಳಿಗೆ ಹೋದದ್ದು ಏಪ್ರಿಲ್ ತಿಂಗಳಲ್ಲಿ. ಒಣ ಬಿಸಿಲು. ಬೋರಿಕ್ ಪೌಡರ್ ಉದುರಿಸಿ ಬಟ್ಟೆಯಿಂದ ಒರೆಸಿದ ಬೋರ್ಡು ಕನ್ನಡಿಯ ಹಾಗಿತ್ತು. ನಮ್ಮೂರ ಕೈಯಿಂದ ಬ್ರೇಕ್ ಹೊಡೆದೆ. ಸ್ಟ್ರೈಕರ್ ಮೂರು ಕಡೆ ಬಡಿದು ಸೀದಾ ಗುಂಡಿಗೆ. ಮೊದಲ ಹೊಡೆತಕ್ಕೇ ಡ್ಯೂ, ಅಂದರೆ ಒಂದು ಕಾಯಿನ್ ದಂಡ. ಎದುರು ಕೂತವರು ಐವತ್ತು ದಾಟಿದ ಟೈಲರ್. ಅವರು ಬೆರಳನ್ನು ಅಲ್ಲಾಡಿಸಿದ್ದೇ ಕಾಣಲಿಲ್ಲ, ಸುಮ್ನೆ ಸ್ಟ್ರೈಕರ್‌ಗೆ ಮುಟ್ಟಿಸಿದ ಹಾಗೆ. ಕಾಯಿನ್ ಮಾತ್ರ ಒಂದಾದ ಮೇಲೊಂದು ಒಳಗೆ. ಎರಡು ಗೇಮೂ ಅರ್ಧ ಗಂಟೆಯಲ್ಲಿ ಮುಗಿಯಿತು. ಎದ್ದಾಗ ಅವರು ಹೇಳಿದ್ದು ಒಂದೇ ಮಾತು: "ಭಾಳ ಜೋರ್ ಹೊಡಿತೀರಿ ತಮ್ಮಾ." ನಮ್ಮ ಥಂಡಿ ಬೋರ್ಡಿನಲ್ಲಿ ಜೋರಾಗಿ ಹೊಡೆಯದಿದ್ದರೆ ಕಾಯಿನ್ ಅಲ್ಲಾಡುವುದೇ ಇಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಕಾರವಾರಕ್ಕೆ ಬಂದೆ. ಇಲ್ಲಿನದು ಮತ್ತೊಂದು ಥರ. ಸಮುದ್ರದ ಗಾಳಿಗೆ ಬೆಳಿಗ್ಗೆ ಒರೆಸಿದ ಬೋರ್ಡು ಸಂಜೆಗೆ ಅಂಟಂಟು. ಕೋಡಿಬಾಗದ ನನ್ನ ಬಾಡಿಗೆ ಮನೆಯಲ್ಲಿ ಆಡುವ ಮೊದಲು ಬೋರ್ಡಿನ ಮೇಲೆ ಒಂದು ಗಂಟೆ ಹಳೇ ಬಲ್ಬು ಉರಿಸುತ್ತೇನೆ. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಹೆಂಡತಿಗೆ ಕರೆಂಟ್ ಬಿಲ್ಲಿನ ಚಿಂತೆ.

ಹಾಗಾಗಿ ಯಾವ ಊರಿಗೆ ಹೋದರೂ ಮೊದಲು ಬೋರ್ಡನ್ನು ಓದಬೇಕು. ಪಂದ್ಯಕ್ಕೆ ಮೊದಲು ಸಿಗುವುದು ಒಂದೋ ಎರಡೋ ಟ್ರಯಲ್ ಬೋರ್ಡು, ಅಂದರೆ ಅಭ್ಯಾಸದ ಸುತ್ತು. ಹೊಸಬರು ಅದರಲ್ಲಿ ಕಾಯಿನ್ ಹಾಕಿ ಖುಷಿಪಡುತ್ತಾರೆ. ನಾನು ಹಾಕಲು ನೋಡುವುದೇ ಇಲ್ಲ. ಸ್ಟ್ರೈಕರನ್ನು ಜೋರಾಗಿ ಎದುರು ಅಂಚಿಗೆ ಹೊಡೆದು ಎಷ್ಟು ಸಲ ಹೋಗಿ ಬರುತ್ತದೆ ಎಂದು ಎಣಿಸುತ್ತೇನೆ. ನಾಲ್ಕೂ ಅಂಚಿಗೆ ಮೆಲ್ಲಗೆ ತಟ್ಟಿ ಎಲ್ಲಿ ಸದ್ದು ಪೊಳ್ಳು ಅಂತ ಕೇಳುತ್ತೇನೆ. ಪೊಳ್ಳು ಸದ್ದಿನ ಕಡೆ ಡಬಲ್, ಅಂದರೆ ಕಾಯಿನ್ನನ್ನು ಅಂಚಿಗೆ ಬಡಿಸಿ ಗುಂಡಿಗೆ ಹಾಕುವ ಹೊಡೆತ, ಹೊಡೆಯುವ ಯೋಚನೆ ಬಿಟ್ಟುಬಿಡುತ್ತೇನೆ. ಒಂದು ಕಾಯಿನ್ನನ್ನು ಗುಂಡಿಯ ಬಾಯಿಗೆ ನಿಧಾನಕ್ಕೆ ಕಳಿಸಿ ಎತ್ತ ವಾಲುತ್ತದೆ ನೋಡುತ್ತೇನೆ. ಪಂದ್ಯದಲ್ಲಿ ಒಂದು ಹೊಡೆತಕ್ಕೆ ಸಿಗುವುದು 15 ಸೆಕೆಂಡ್. ಆಗ ಯೋಚನೆ ಮಾಡುತ್ತ ಕೂತರೆ ಆಗಲಿಲ್ಲ.

ದೂರ ಹೋಗುವುದಕ್ಕೆ ಇನ್ನೊಂದು ಕಾರಣ ಎದುರು ಕೂರುವವರು. ನಮ್ಮ ಜಗಲಿಯಲ್ಲಿ ಗುಂಡಿಗೆ ಹಾಕುವುದೇ ಆಟ. ಹೊರಗೆ ಹೋದ ಮೇಲೆ ಲೆಕ್ಕವೂ ಆಟ ಎಂದು ತಿಳಿಯಿತು. ನನ್ನ ಹೊಟ್ಟೆ ಇನ್ನೂ ಉರಿಯುವ ಒಂದು ಪಂದ್ಯ ಹೇಳುತ್ತೇನೆ. 25 ಪಾಯಿಂಟಿನ ಗೇಮು, ಮೂರರಲ್ಲಿ ಎರಡು ಗೆಲ್ಲಬೇಕು. ಮೂರನೇ ಗೇಮಿನಲ್ಲಿ ನಾವು 22, ಅವರು 19. ರೆಡ್, ಅಂದರೆ ಕೆಂಪು ಕಾಯಿನ್‌ಗೆ ಮೂರು ಪಾಯಿಂಟ್. ಆದರೆ 22 ಮುಟ್ಟಿದವರಿಗೆ ಆ ಮೂರು ಸಿಗುವುದಿಲ್ಲ, ಬೋರ್ಡು, ಅಂದರೆ ಆ ಸುತ್ತು ಗೆದ್ದರೆ ಎದುರಾಳಿಯ ಉಳಿದ ಕಾಯಿನ್ನಿನ ಲೆಕ್ಕ ಮಾತ್ರ ಸಿಗುತ್ತದೆ. ರೆಡ್ ನನ್ನ ಎಡಗಡೆ ಗುಂಡಿಯ ಹತ್ತಿರವೇ ಇತ್ತು. ಭಾವ ಮಾತಾಡುವ ಹಾಗಿಲ್ಲ, ಆದರೂ ಕೆಮ್ಮಿದ. ನನಗೆ ಉಪಯೋಗವಿಲ್ಲದ ರೆಡ್ ಯಾಕೆ ಅಂತ ನಾನು ನಮ್ಮ ಬಿಳಿ ಕಾಯಿನ್ ಹಿಂದೆ ಹೋದೆ, ತಪ್ಪಿತು. ಎದುರಿನವರು ರೆಡ್ ಹಾಕಿದರು, ಅದರ ಬೆನ್ನಿಗೇ ತಮ್ಮದೊಂದು ಕಾಯಿನ್ ಹಾಕಿ ಕವರ್ ಮಾಡಿದರು, ಹಾಗೇ ಬೋರ್ಡು ಮುಗಿಸಿದರು. ನಮ್ಮವು ಮೂರು ಉಳಿದಿದ್ದವು. ಮೂರಕ್ಕೆ ರೆಡ್ಡಿನ ಮೂರು ಸೇರಿ ಆರು. 19ಕ್ಕೆ ಆರು ಸೇರಿದರೆ 25. ನನಗೆ ಬೇಡದ ರೆಡ್ಡನ್ನು ಅವರಿಗೆ ಸಿಗದ ಹಾಗೆ ನಾನೇ ತೆಗೆಯಬೇಕಿತ್ತು. ವಾಪಸ್ ಬರುವಾಗ ಅರಬೈಲ್ ಘಟ್ಟ ಇಳಿದು ಮುಗಿಯುವವರೆಗೂ ಭಾವ ಒಂದು ಮಾತೂ ಆಡಲಿಲ್ಲ. ಅಂಕೋಲಾದಲ್ಲಿ ಚಹಾ ಕುಡಿಯುವಾಗ "ನಾ ಕೆಮ್ಮಿದ್ದು ಕೇಳಿದ್ದಿಲ್ಯ?" ಅಂದ.

ಕಷ್ಟಗಳೂ ಇವೆ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಅಂತ ಕರೆದು ಸಂಜೆ ಐದಕ್ಕೆ ಶುರು ಮಾಡಿದವರಿದ್ದಾರೆ. ಒಂದು ಕಡೆ ಫೈನಲ್ ಮುಗಿದಾಗ ರಾತ್ರಿ ಮೂರು ಗಂಟೆ. ಮೇಜಿನ ಕಾಲಿಗೆ ಕಲ್ಲು ಕೊಟ್ಟು ಆಡಿಸಿದ್ದೂ ಉಂಟು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದ ಮೇಲೆ ಎರಡು ತಿಂಗಳು ನಾವು ಎಲ್ಲಿಗೂ ಹೋಗಲಿಲ್ಲ. ರಸ್ತೆ ಬಿಟ್ಟ ಮೇಲೂ ಆ ಜಾಗ ದಾಟಿ ಆಟಕ್ಕೆ ಹೋಗಲು ಮನಸ್ಸು ಬರಲಿಲ್ಲ.

ದುಡ್ಡಿನ ಬಗ್ಗೆ ಕೇಳಲೇಬೇಡಿ. ಪ್ರವೇಶ ಶುಲ್ಕ, ಬಸ್ಸು, ಊಟ ಕಳೆದರೆ ಗೆದ್ದ ವರ್ಷವೂ ನಷ್ಟವೇ.

ಮತ್ತೆ, 'ಹುಚ್ಚು' ಅಂದಿರಲ್ಲ, ಅದನ್ನು ನಾನು ಮದುವೆಗೆ ಮೊದಲೇ ಕೇಳಿದ್ದೇನೆ. ನಮ್ಮ ಕಡೆ 'ಅಂವ ಆಡ್ತ' ಅಂದರೆ ಇಸ್ಪೀಟು ಅಂತಲೇ ಅರ್ಥ. ಹೆಣ್ಣಿನ ಕಡೆಯವರಿಗೆ ಯಾರೋ ಹಾಗೆ ಹೇಳಿ, ಮಾತು ಮುರಿಯುವುದರಲ್ಲಿತ್ತು. ಮಾವನವರು ತಾವೇ ಬಂದು ನಮ್ಮ ಜಗಲಿಯಲ್ಲಿ ಎರಡು ಬೋರ್ಡು ಆಡಿ ನೋಡಿದ ಮೇಲೆ ಒಪ್ಪಿದರು. ಪಿನ್‌ಬಾಲಿಗೂ ಇದೇ ಕಳಂಕ ಇತ್ತಂತೆ. ಜೂಜು ಅಂತ ನ್ಯೂಯಾರ್ಕ್ ನಗರದಲ್ಲಿ 1942ರಿಂದ 1976ರವರೆಗೆ ಅದಕ್ಕೆ ನಿಷೇಧ. ಕೊನೆಗೆ ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯವರ ಎದುರೇ ಆಡಿದ. ಗುಂಡು ನಡುವಿನ ದಾರಿಯಲ್ಲೇ ಹೋಗುತ್ತದೆ ಎಂದು ಮೊದಲೇ ಹೇಳಿ, ಹಾಗೇ ಕಳಿಸಿದ. ಇದು ಅದೃಷ್ಟವಲ್ಲ, ಕೈಚಳಕ ಎಂದು ತೋರಿಸಿದ ಮೇಲೆ ನಿಷೇಧ ಹೋಯಿತು. ನನ್ನ ಮಾವನವರೂ ಒಂಥರಾ ನಗರಸಭೆಯೇ.

ಅಮೆರಿಕದ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. 2024ರ ಕೇರಂ ವಿಶ್ವಕಪ್ ನಡೆದದ್ದು ಅಮೆರಿಕದಲ್ಲೇ. ಚೆನ್ನೈನ ಆಟೋ ಚಾಲಕರೊಬ್ಬರ ಮಗಳು ಖಾಸಿಮಾ ಅಲ್ಲಿಗೆ ಹೋಗಿ ಮೂರು ಚಿನ್ನ ತಂದಳು. ಅದೇ ಚೆನ್ನೈನ ಮರಿಯಾ ಇರುದಯಂ ಎರಡು ಸಲ ವಿಶ್ವ ಚಾಂಪಿಯನ್, 1996ರಲ್ಲಿ ಅರ್ಜುನ ಪ್ರಶಸ್ತಿ. ಕಾರವಾರದಿಂದ ಹುಬ್ಬಳ್ಳಿಗೆ ಹೋಗುವ ನಮ್ಮದು ಯಾವ ಲೆಕ್ಕ!

ನಿಮಗೂ ಆಸೆ ಇದ್ದರೆ ಗಣೇಶ ಚೌತಿಯ ಹೊತ್ತಿಗೆ ನಮ್ಮ ಜಿಲ್ಲೆಯ ಯಾವ ಪೇಟೆಗೆ ಬಂದರೂ ಯುವಕ ಸಂಘದವರ ಬ್ಯಾನರ್ ಕಾಣುತ್ತದೆ. ಡಬಲ್ಸ್‌ಗೆ ಹೆಸರು ಕೊಡಿ. ಬೋರ್ಡು, ಪೌಡರ್ ಅವರದ್ದೇ ಇರುತ್ತದೆ, ಸ್ಟ್ರೈಕರ್ ಮಾತ್ರ ನಿಮ್ಮದೇ ತನ್ನಿ. ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಜೋಡಿ ಸಿಗದಿದ್ದರೆ ನನಗೆ ಹೇಳಿ. ಭಾವನಿಗೆ ಈಗ ಮಂಡಿನೋವು, ತುಂಬಾ ಹೊತ್ತು ಕೂರುವುದು ಕಷ್ಟ ಅನ್ನುತ್ತಿದ್ದಾನೆ.