ಬಂದೂಕು ಇಟ್ಟುಕೊಳ್ಳಬಾರದವನ ಮನೆಯಲ್ಲಿ ಬಂದೂಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರ: ಅಮೆರಿಕದಲ್ಲಿ ಹೆಂಡತಿಗೆ ಹೊಡೆದು ಶಿಕ್ಷೆಯಾದವನು ಬಂದೂಕು ಇಟ್ಟುಕೊಳ್ಳುವಂತಿಲ್ಲವಂತೆ. ಆದರೂ ಹಳೆಯ ಕೇಸು ಇರುವವನೇ ಹೆಂಡತಿಯನ್ನೋ ಗೆಳತಿಯನ್ನೋ ಗುಂಡಿಟ್ಟು ಕೊಂದ ಸುದ್ದಿ ಬರುತ್ತಲೇ ಇರುತ್ತದೆ. ಯಾಕೆ ಹೀಗೆ?
– ಓದುಗರೊಬ್ಬರು, ಶಿವಮೊಗ್ಗ

ಉ: ನಿಷೇಧವಿದೆ, ಅದೂ ಕಟ್ಟುನಿಟ್ಟಾಗಿಯೇ ಇದೆ. ಸಂಗಾತಿಯನ್ನು ಪೀಡಿಸಬಾರದು, ಬೆದರಿಸಬಾರದು ಎಂಬ ಕೋರ್ಟಿನ ರಕ್ಷಣಾ ಆದೇಶ ಯಾರ ಮೇಲಿದೆಯೋ ಅವರಿಗೆ 1994ರಿಂದ, ಮನೆಯೊಳಗಿನ ಹಿಂಸೆಯ ಸಣ್ಣ ಕೇಸಿನಲ್ಲಿ ಶಿಕ್ಷೆಯಾದವರಿಗೂ 1996ರ ಲಾಟೆನ್‌ಬರ್ಗ್ ತಿದ್ದುಪಡಿಯಿಂದ ಬಂದೂಕು, ಗುಂಡು ಎರಡೂ ನಿಷಿದ್ಧ. ಮುರಿದರೆ ಈಗ 15 ವರ್ಷದವರೆಗೆ ಜೈಲು. ಆದರೆ ಒಕ್ಕೂಟ ಸರ್ಕಾರದ ಈ ಕಾನೂನು "ಇಟ್ಟುಕೊಳ್ಳಬೇಡ" ಎನ್ನುತ್ತದೆ, ಅಷ್ಟೆ. ಮನೆಯಲ್ಲಿ ಮೊದಲೇ ಇರುವ ಬಂದೂಕನ್ನು ಯಾರು, ಎಷ್ಟು ದಿನದೊಳಗೆ ತೆಗೆದುಕೊಂಡು ಹೋಗಬೇಕು ಎಂಬುದನ್ನು ಹೇಳುವುದಿಲ್ಲ. ಆ ಕೆಲಸ ರಾಜ್ಯಗಳದ್ದು. ಎಷ್ಟೋ ಕಡೆ ಅಪರಾಧಿಯೇ ಬಂದು ಒಪ್ಪಿಸಲಿ ಎಂದು ಕಾಯುತ್ತಾ ಕೂರುತ್ತಾರೆ. ಹೆಣ್ಣಿನ ಜೀವ ಹೋಗುವುದು ಹೆಚ್ಚಾಗಿ ಈ ಕಾಯುವಿಕೆಯಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಟೆಕ್ಸಾಸಿನ ರಹೀಮಿ ಪ್ರಕರಣವನ್ನೇ ನೋಡಿ. ತನ್ನ ಮಗುವಿನ ತಾಯಿಯೂ ಆದ ಗೆಳತಿಯ ಮೇಲೆ ಕೈಮಾಡಿದ ಆತನ ಮೇಲೆ 2020ರಲ್ಲಿ ರಕ್ಷಣಾ ಆದೇಶವಾಯಿತು. ಆಮೇಲೆ ಸಾಲುಸಾಲು ಗುಂಡಿನ ದಾಳಿಗಳಲ್ಲಿ ಅವನ ಹೆಸರು ಕೇಳಿಬಂದು ಪೊಲೀಸರು ಮನೆ ಶೋಧಿಸಿದರೆ, ಒಂದು ಪಿಸ್ತೂಲು, ಒಂದು ರೈಫಲ್ ಸಿಕ್ಕವು. ಆ ಆದೇಶದ ಪ್ರತಿಯೂ ಅದೇ ಮನೆಯಲ್ಲಿತ್ತು. ಕೆಳಗಿನ ಮೇಲ್ಮನವಿ ನ್ಯಾಯಾಲಯ ಈ ನಿಷೇಧವೇ ಸಂವಿಧಾನಕ್ಕೆ ವಿರುದ್ಧ ಎಂದಿತ್ತು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ಅದನ್ನು ತಳ್ಳಿಹಾಕಿ ಕಾನೂನನ್ನು ಎತ್ತಿಹಿಡಿಯಿತು. ಕಾನೂನೇನೋ ಉಳಿಯಿತು, ಮನೆಗೆ ಹೋಗಿ ಬಂದೂಕು ತರುವವರು ಯಾರು ಎಂಬ ಪ್ರಶ್ನೆಯೂ ಹಾಗೇ ಉಳಿಯಿತು.

ಹೊಸದಾಗಿ ಕೊಳ್ಳುವ ದಾರಿಯಲ್ಲೂ ತೂತುಗಳಿವೆ. ಪರವಾನಗಿ ಇರುವ ಅಂಗಡಿಯವನು ಬಂದೂಕು ನಿಷೇಧವಿರುವವರ ಎಫ್‌ಬಿಐ ಕಂಪ್ಯೂಟರ್ ಪಟ್ಟಿಯಲ್ಲಿ ಕೊಳ್ಳುವವನ ಹೆಸರಿದೆಯೇ ಎಂದು ನೋಡಬೇಕು. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಮಾರಲು ಅಡ್ಡಿಯಿಲ್ಲ. (21 ತುಂಬದವರ ವಿಷಯದಲ್ಲಿ ಹೆಚ್ಚುವರಿ ತಪಾಸಣೆ ಉಂಟು.) ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನ ಬಂದೂಕು ಮಾರುವಾಗ ಒಕ್ಕೂಟದ ಕಾನೂನಿನಂತೆ ಈ ತಪಾಸಣೆಯೇ ಕಡ್ಡಾಯವಲ್ಲ. ಪಟ್ಟಿಗೆ ಹೆಸರೇ ಸೇರದಿದ್ದರಂತೂ ತಪಾಸಣೆ ನಡೆದೂ ದಂಡ. ಹೆಂಡತಿಯನ್ನೂ ಮಲಮಗುವನ್ನೂ ಹೊಡೆದು 2012ರಲ್ಲಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾದವನೊಬ್ಬನ ದಾಖಲೆಯನ್ನು ಅಮೆರಿಕದ ವಾಯುಪಡೆ ಎಫ್‌ಬಿಐಗೆ ಕಳಿಸಲೇ ಇಲ್ಲ. ಅವನು ಅಂಗಡಿಯಲ್ಲೇ ಬಂದೂಕು ಕೊಂಡ. 2017ರ ನವೆಂಬರ್ 5ರಂದು ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್‌ನಲ್ಲಿ ತನ್ನ ಅತ್ತೆ ಹೋಗುತ್ತಿದ್ದ ಚರ್ಚಿಗೇ ನುಗ್ಗಿ ಗುಂಡು ಹಾರಿಸಿದ. ಹೊಟ್ಟೆಯೊಳಗಿನ ಕೂಸೂ ಸೇರಿ 26 ಜೀವ ಹೋದವು. ಅದರ ಹೊಣೆಯಲ್ಲಿ ಶೇ 60ರಷ್ಟು ಸರ್ಕಾರದ್ದೇ ಎಂದು 2021ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು.

ಪ್ರ: ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಗಂಡನಿಗೆ ಹಿಂದೆ ಒಮ್ಮೆ ಶಿಕ್ಷೆಯಾಗಿದೆ. ಆದರೂ ಪಿಸ್ತೂಲು ಇಟ್ಟುಕೊಂಡಿದ್ದಾನೆ, ಒಮ್ಮೆ ಕುತ್ತಿಗೆ ಹಿಸುಕಿದ್ದಾನೆ. ಬಿಟ್ಟು ಬರುತ್ತೇನೆ ಅನ್ನುತ್ತಿದ್ದಾಳೆ. ಏನು ಹೇಳಲಿ?
– ಓದುಗರೊಬ್ಬರು, ದಾವಣಗೆರೆ

ಉ: ಮೊದಲು ಇದನ್ನು ಹೇಳಿ: ಬಿಟ್ಟು ಹೊರಡುವ ದಿನಗಳೇ ಅತ್ಯಂತ ಅಪಾಯದವು. ಹೊಡೆಯುವವನ ಕೈಗೆ ಬಂದೂಕು ಸಿಗುವಂತಿದ್ದರೆ ಹೆಣ್ಣು ಕೊಲೆಯಾಗುವ ಸಂಭವ ಸುಮಾರು ಐದು ಪಟ್ಟು ಹೆಚ್ಚುತ್ತದೆ ಎಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಕ್ವೆಲಿನ್ ಕ್ಯಾಂಪ್‌ಬೆಲ್ ನೇತೃತ್ವದ ಅಧ್ಯಯನ 2003ರಲ್ಲಿ ತೋರಿಸಿತು. ಕುತ್ತಿಗೆ ಹಿಸುಕಿದ್ದು ಇನ್ನೊಂದು ದೊಡ್ಡ ಸೂಚನೆ. ಗುರುತು ಕಾಣದಿದ್ದರೂ ವೈದ್ಯರಿಗೆ ತೋರಿಸಿ ದಾಖಲೆ ಮಾಡಿಸಲಿ. ಹೊರಡುವ ಮಾತನ್ನು ಅವನೆದುರು ಆಡದಿರಲಿ.

ಅವನು ನೋಡಲಾಗದ ಫೋನಿನಿಂದ ರಾಷ್ಟ್ರೀಯ ಸಹಾಯವಾಣಿ 800-799-7233ಕ್ಕೆ ಕರೆ ಮಾಡಿ, ದುಭಾಷಿ ಬೇಕೆಂದು ಕೇಳಲಿ. ದಿನದ 24 ಗಂಟೆಯೂ ಎತ್ತುತ್ತಾರೆ. ತುರ್ತಿದ್ದರೆ 911, "ಮನೆಯಲ್ಲಿ ಪಿಸ್ತೂಲಿದೆ, ಇಂಥ ಕಡೆ ಇಟ್ಟಿದ್ದಾನೆ" ಎಂಬುದನ್ನು ಕರೆಯಲ್ಲೇ ಹೇಳಬೇಕು. ಕಣ್ಣಿಗೆ ಬಿದ್ದ ಬಂದೂಕನ್ನು ಅಲ್ಲಿನ ಪೊಲೀಸರು ವಶಕ್ಕೆ ತೆಗೆದುಕೊಳ್ಳಬೇಕು. ಅವಳಾಗಿ ಅದನ್ನು ಎತ್ತಿಕೊಂಡು ಹೋಗುವುದು ಬೇಡ.

ಕೋರ್ಟಿನಲ್ಲಿ ರಕ್ಷಣಾ ಆದೇಶಕ್ಕೆ ಡಿವಿ-100 ಅರ್ಜಿ ತುಂಬಬೇಕು. ಶುಲ್ಕವಿಲ್ಲ, ವೀಸಾ ಯಾವುದು ಎಂದೂ ಕೇಳುವುದಿಲ್ಲ. ಅದರಲ್ಲಿ ಬಂದೂಕಿನ ಬಗ್ಗೆ ಇರುವ ಭಾಗವನ್ನು ಖಾಲಿ ಬಿಡದಿರಲಿ. ಎಷ್ಟು ಇವೆ, ಯಾವ ಬಗೆಯವು, ಕಾರಿನಲ್ಲೋ ಬೀರುವಿನಲ್ಲೋ ಅಣ್ಣನ ಮನೆಯಲ್ಲೋ ಎಂದು ಬರೆಯಬೇಕು. ಹಳೆಯ ಶಿಕ್ಷೆಯ ಕೇಸ್ ನಂಬರನ್ನೂ ಹಾಕಲಿ. ತಾತ್ಕಾಲಿಕ ಆದೇಶ ಅವನ ಕೈ ಸೇರಿದ 24 ಗಂಟೆಯೊಳಗೆ ಬಂದೂಕನ್ನು ಪೊಲೀಸರಿಗೋ ಪರವಾನಗಿ ಇರುವ ವ್ಯಾಪಾರಿಗೋ ಕೊಡಬೇಕು, 48 ಗಂಟೆಯೊಳಗೆ ರಸೀದಿ ಕೋರ್ಟಿಗೆ ಬರಬೇಕು. ಮೂರನೆಯ ದಿನ ಕೋರ್ಟಿನ ಗುಮಾಸ್ತರನ್ನು "ರಸೀದಿ ಬಂತೇ?" ಎಂದು ಕೇಳಿಸಿ. ಬಂದಿಲ್ಲವಾದರೆ ವಿಚಾರಣೆಯ ದಿನದವರೆಗೆ ಕಾಯದೆ ಪೊಲೀಸರಿಗೆ ತಿಳಿಸಿ. ಆದೇಶದ ಪ್ರತಿ ಸದಾ ಜೊತೆಗಿರಲಿ. ಬೇರೆ ರಾಜ್ಯಕ್ಕೆ ಹೋದರೂ ಅದು ನಡೆಯುತ್ತದೆ.

ಗಂಡನ ಎಚ್-1ಬಿ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿದ್ದರೆ ವಿಚ್ಛೇದನದ ಅರ್ಜಿಗೆ ಸಹಿ ಹಾಕುವ ಮುನ್ನ ವಲಸೆ ವಕೀಲರನ್ನು ಕಾಣಲಿ. ವಿಚ್ಛೇದನವಾದೊಡನೆ ಎಚ್-4 ಮುಗಿಯುತ್ತದೆ. ಹಿಂಸೆಗೆ ಒಳಗಾದವರಿಗೆ ಯು-ವೀಸಾದಂಥ ಬೇರೆ ದಾರಿಗಳಿವೆ. ಹಾಗೆಯೇ, ಗಂಡ ಎಚ್-1ಬಿಯಲ್ಲಿದ್ದು ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದಿದ್ದರೆ, ಶಿಕ್ಷೆ ಆಗಿರಲಿ ಬಿಡಲಿ, ಬಂದೂಕು ಇಟ್ಟುಕೊಳ್ಳುವುದೇ ಅಪರಾಧ.

ಪ್ರ: ಮದುವೆಯಾಗದ ಗೆಳೆಯನಿಗೂ ಈ ನಿಷೇಧ ಅನ್ವಯಿಸುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉ: ಅರ್ಧ. ಜೊತೆಗೆ ವಾಸಿಸದ, ಇಬ್ಬರಿಗೂ ಸೇರಿದ ಮಗುವೂ ಇಲ್ಲದ ಗೆಳೆಯನನ್ನು 2022ರವರೆಗೆ ಒಕ್ಕೂಟದ ಕಾನೂನು ಹೊರಗೇ ಬಿಟ್ಟಿತ್ತು. ಈಗ ಶಿಕ್ಷೆಯಾದರೆ ಅವನಿಗೂ ನಿಷೇಧ. ಆದರೆ ಮೊದಲ ತಪ್ಪಾಗಿದ್ದು ಮತ್ತೆ ಹಿಂಸೆ ಮಾಡದಿದ್ದರೆ ಐದು ವರ್ಷಕ್ಕೆ ತೆರವಾಗುತ್ತದೆ. ರಕ್ಷಣಾ ಆದೇಶದಿಂದ ಬರುವ ಒಕ್ಕೂಟದ ನಿಷೇಧ ಅಂಥವನಿಗೆ ಇನ್ನೂ ತಗಲುವುದಿಲ್ಲ.

ಪ್ರ: ನಮ್ಮಲ್ಲಿ? ಹಿಂಸೆ ಕೊಡುವ ಗಂಡನ ಬಳಿ ಪರವಾನಗಿ ಬಂದೂಕಿದ್ದರೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉ: 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಹಿಂಸೆಯ ಅಪರಾಧಕ್ಕೆ ಜೈಲು ಶಿಕ್ಷೆಯಾದವನು, ಶಿಕ್ಷೆ ಮುಗಿದ ಮೇಲೂ ಐದು ವರ್ಷ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹೊಡೆತವೇ ನಡೆಯುತ್ತಿದ್ದು ಶಿಕ್ಷೆ ಇನ್ನೂ ಆಗಿಲ್ಲದಿದ್ದರೆ ಎರಡು ಬಾಗಿಲು ತಟ್ಟಿ. ಒಂದು, 17ನೇ ಸೆಕ್ಷನ್ ಅಡಿ ಪರವಾನಗಿ ಅಮಾನತು ಮಾಡಿ ಎಂದು ಜಿಲ್ಲಾಧಿಕಾರಿಗೆ, ಬೆಂಗಳೂರು ನಗರವಾದರೆ ಪೊಲೀಸ್ ಆಯುಕ್ತರಿಗೆ ಲಿಖಿತ ಅರ್ಜಿ. ಎಫ್‌ಐಆರ್ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಇನ್ನೊಂದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. 19(2)ರಂತೆ ಸುರಕ್ಷತೆಗೆ ಬೇಕಾದ ಯಾವುದೇ ನಿರ್ದೇಶನ ಕೊಡುವ ಅಧಿಕಾರ ಅವರಿಗಿದೆ. ಆದರೆ ನೀವು ಕೇಳದಿದ್ದರೆ ಬಂದೂಕಿನ ಮಾತೇ ಬರುವುದಿಲ್ಲ. "ಇಷ್ಟು ದಿನದೊಳಗೆ ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ಹಾಜರುಪಡಿಸಬೇಕು" ಎಂಬ ಸಾಲನ್ನು ಅರ್ಜಿಯಲ್ಲೇ ಬರೆಸಿ. ಪರವಾನಗಿಯಿಂದಲೇ ವಿನಾಯಿತಿ ಇರುವ ಕೊಡಗಿನ ಮನೆಗಳಲ್ಲಿ ಈ ಎರಡನೆಯ ದಾರಿಯನ್ನೇ ಮೊದಲು ಹಿಡಿಯುವುದು ಒಳ್ಳೆಯದು. ಅರ್ಜಿ ಬರೆಯಲು ತಾಲ್ಲೂಕಿನ ಸಂರಕ್ಷಣಾಧಿಕಾರಿ ನೆರವಾಗಬೇಕು. ತಕ್ಷಣದ ಸಹಾಯಕ್ಕೆ 181 ಇಲ್ಲವೇ 112.