ನಿಮ್ಮ ಲೇಖನದಲ್ಲಿ ಹರಾಜು ಜಾಸ್ತಿ, ನಾಣ್ಯ ಕಡಿಮೆ

ನಮಸ್ಕಾರ,

‘ಇಂಗ್ಲೆಂಡಿನ ಚಿನ್ನದ ನಾಣ್ಯಗಳು: ಅಂದು, ಇಂದು’ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಕೆಂಪು ಪೆನ್ನು ಹಿಡಿದು. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ‘ಸ್ಥಳದ ಅಭಾವ’ ಅಂತ ಎರಡು ಸಾಲು ಗೀಚಿ ವಾಪಸು ಕಳಿಸಬಹುದಿತ್ತು. ಆದರೆ ನೀವು ಪಟ್ಟಿರುವ ಶ್ರಮ ಕಾಣುತ್ತದೆ. ಹಾಗಾಗಿ ಉದ್ದವಾಗಿಯೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು 1257ರ ಮೂರನೇ ಹೆನ್ರಿಯಿಂದ 1937ರ ಎಂಟನೇ ಎಡ್ವರ್ಡ್‌ವರೆಗೆ ಹನ್ನೊಂದು ನಾಣ್ಯಗಳನ್ನು ಸಾಲಾಗಿ ನಿಲ್ಲಿಸಿದ್ದೀರಿ. ಒಂದೊಂದಕ್ಕೂ ಒಂದೊಂದು ಪ್ಯಾರಾ. ರಾಜನ ಹೆಸರು, ತೂಕ, ಮೇಲಿನ ಚಿತ್ರ, ಕೊನೆಗೆ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಅದರ ಪಕ್ಕ ಒಂದು ಆಶ್ಚರ್ಯ ಚಿಹ್ನೆ. ಹನ್ನೊಂದು ಸಲವೂ ಅದೇ ತಾಳ. ನಾಲ್ಕನೇ ನಾಣ್ಯದ ಹೊತ್ತಿಗೆ ಓದುಗ ನೇರವಾಗಿ ಕೊನೇ ಸಾಲಿಗೆ ಹಾರುತ್ತಾನೆ. ನಾನೂ ಹಾರಿದೆ.

‘ಬೆಲೆ’ ಅನ್ನುವ ಪದವನ್ನು ನೀವು ನಲವತ್ತಕ್ಕೂ ಹೆಚ್ಚು ಸಲ ಬಳಸಿದ್ದೀರಿ. ಯಾವ ಬೆಲೆ ಅಂತ ಒಮ್ಮೆಯೂ ಹೇಳಿಲ್ಲ. ರಾಜ ಸಾರಿದ ಬೆಲೆ ಒಂದು. ಕರಗಿಸಿದರೆ ಸಿಗುವ ಚಿನ್ನದ ಬೆಲೆ ಇನ್ನೊಂದು. ಪೇಟೆಯಲ್ಲಿ ಚಿನಿವಾರ ಕೊಡುವ ಬೆಳ್ಳಿ ಮೂರನೆಯದು. ಈಗ ಸಂಗ್ರಾಹಕ ಕೊಡುವ ದುಡ್ಡು ನಾಲ್ಕನೆಯದು. ಇವು ಒಂದಕ್ಕೊಂದು ಹೊಂದದೇ ಹೋದಾಗಲೆಲ್ಲ ಏನೋ ಒಂದು ನಡೆದಿದೆ. ನಿಮ್ಮ ಕಥೆ ಇರುವುದು ಅಲ್ಲಿ. ನೀವು ನಾಲ್ಕನ್ನೂ ಒಂದೇ ಚೀಲಕ್ಕೆ ಹಾಕಿ ಅಲ್ಲಾಡಿಸಿದ್ದೀರಿ.

ನಿಮ್ಮ ಮೊದಲ ನಾಣ್ಯವನ್ನೇ ನೋಡೋಣ. ‘ಹೆನ್ರಿಯ ಚಿನ್ನದ ಪೆನ್ನಿಯನ್ನು ಪ್ರಜೆಗಳು ಸಂಭ್ರಮದಿಂದ ಸ್ವಾಗತಿಸಿದರು’ ಎಂದು ಬರೆದಿದ್ದೀರಿ. ಇದು ಎಲ್ಲಿ ಸಿಕ್ಕಿತು ನಿಮಗೆ? ನಡೆದಿದ್ದು ತಿರುಗುಮುರುಗು. ಆಗ ಇಂಗ್ಲೆಂಡಿನಲ್ಲಿ ಓಡಾಡುತ್ತಿದ್ದದ್ದು ಬೆಳ್ಳಿಯ ಪೆನ್ನಿ. ರಾಜನ ಅಕ್ಕಸಾಲಿ ಗ್ಲಾಸ್ಟರಿನ ವಿಲಿಯಂ ಅದರ ಎರಡರಷ್ಟು ತೂಕದ ಅಪ್ಪಟ ಚಿನ್ನದ ನಾಣ್ಯ ಮಾಡಿದ. ರಾಜ ಅದಕ್ಕೆ 20 ಬೆಳ್ಳಿ ಪೆನ್ನಿ ಬೆಲೆ ಕಟ್ಟಿದ. ಅಂದರೆ ಚಿನ್ನಕ್ಕೆ ಬೆಳ್ಳಿಯ ಹತ್ತರಷ್ಟು ಮೌಲ್ಯ. ಅದೇ ವರ್ಷ ಲಂಡನ್ನಿನ ಮೇಯರ್ ಮತ್ತು ನಾಗರಿಕರು ರಾಜನ ಮುಂದೆ ದೂರಿದರು. ಎಷ್ಟೋ ಬಡವರ ಮನೆಯ ಸಾಮಾನೆಲ್ಲ ಸೇರಿದರೂ ಇಂಥ ಒಂದು ನಾಣ್ಯದ ಬೆಲೆ ಆಗುವುದಿಲ್ಲ, ಇದರಿಂದ ಚಿನ್ನದ ದರವೂ ಬಿದ್ದುಹೋಗುತ್ತದೆ ಅಂದರು. ಕೊನೆಗೆ ರಾಜ, ನಾಣ್ಯ ಇರಲಿ, ಆದರೆ ಯಾರೂ ತೆಗೆದುಕೊಳ್ಳಲೇಬೇಕು ಅಂತಿಲ್ಲ ಎಂದ. ತಾನೇ ಹೊರಡಿಸಿದ ನಾಣ್ಯಕ್ಕೆ ರಾಜ ಹೀಗೆ ಹೇಳಿದನೆಂದರೆ ಅದರ ಗತಿ ಮುಗಿಯಿತು ಅಂತಲೇ ಲೆಕ್ಕ, ಅಲ್ವಾ? 

ಮುಂದೆ ಅದರ ಬೆಲೆ 24 ಪೆನ್ನಿಗೆ ಏರಿತು. ಅಷ್ಟರಲ್ಲಿ ಒಳಗಿದ್ದ ಚಿನ್ನದ ಬೆಲೆಯೇ ರಾಜ ಮೊದಲು ಸಾರಿದ ಬೆಲೆಯನ್ನು ದಾಟಿತ್ತು. ಜನ ಕರಗಿಸಿದರು. ಇವತ್ತು ಎಂಟೋ ಏನೋ ಉಳಿದಿವೆ. 2021ರಲ್ಲಿ ಡೆವನ್ ಜಿಲ್ಲೆಯ ಹೊಲವೊಂದರಲ್ಲಿ ಲೋಹಶೋಧಕ ಹಿಡಿದು ಹೊರಟವರೊಬ್ಬರಿಗೆ ಇನ್ನೊಂದು ಸಿಕ್ಕಿತು. ಅದರ ಹರಾಜನ್ನು ನೀವು ಎರಡು ಕಡೆ ಬರೆದಿದ್ದೀರಿ. ಒಂದು ಕಡೆ 5,40,000 ಪೌಂಡ್, ಇನ್ನೊಂದು ಕಡೆ 6,48,000 ಪೌಂಡ್, ಎರಡು ಬೇರೆ ಬೇರೆ ಮಾರಾಟ ಅನ್ನುವ ಹಾಗೆ. ಎರಡೂ 2022ರ ಜನವರಿಯ ಒಂದೇ ಮಾರಾಟ. ಮೊದಲನೆಯದು ಸುತ್ತಿಗೆ ಬಿದ್ದ ಬೆಲೆ. ಎರಡನೆಯದು ಕೊಂಡವರು ಕಮಿಷನ್ ಸೇರಿಸಿ ಕೊಟ್ಟ ಮೊತ್ತ. ಹರಾಜಿನ ಸುದ್ದಿ ಬರೆಯುವವರು ಎಲ್ಲರೂ ಒಮ್ಮೆ ಈ ಗುಂಡಿಗೆ ಬೀಳುತ್ತಾರೆ, ನಾನೂ ಬಿದ್ದಿದ್ದೇನೆ.

ಇದರ ಪಕ್ಕದಲ್ಲೇ ಮೂರನೇ ಎಡ್ವರ್ಡನ ‘ಡಬಲ್ ಲೆಪರ್ಡ್’ ಇಡಿ. ನೀವು ಇವೆರಡರ ನಡುವೆ ಯುದ್ಧ, ಪ್ಲೇಗು ಅಂತ ಒಂದೂವರೆ ಪುಟ ಸುತ್ತಾಡಿಸಿದ್ದೀರಿ. ಅದು ಬೇಡ. 1344ರ ಜನವರಿಯಲ್ಲಿ ಬಂದ ನಾಣ್ಯ, ಬೆಲೆ 6 ಶಿಲ್ಲಿಂಗ್, ಅಂದರೆ 72 ಪೆನ್ನಿ. ಒಳಗಿದ್ದ ಚಿನ್ನಕ್ಕೆ ಹೋಲಿಸಿದರೆ ರಾಜ ಕಟ್ಟಿದ ಬೆಲೆ ಜಾಸ್ತಿ. ವರ್ತಕರು ಮುಟ್ಟಲಿಲ್ಲ. ಆಗಸ್ಟ್ ಹೊತ್ತಿಗೆ ವಾಪಸು ಪಡೆದರು. ಈಗ ಮೂರು ಮಾತ್ರ ಗೊತ್ತಿವೆ. ಎರಡು 1857ರಲ್ಲಿ ಟೈನ್ ನದಿಯಲ್ಲಿ ಸಿಕ್ಕಿ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಮೂರನೆಯದು 2006ರಲ್ಲಿ 4,60,000 ಪೌಂಡಿಗೆ ಮಾರಾಟವಾಯಿತು. ಹೆನ್ರಿ ಕಡಿಮೆ ಹೇಳಿ ಕೆಟ್ಟ, ಎಡ್ವರ್ಡ್ ಜಾಸ್ತಿ ಹೇಳಿ ಕೆಟ್ಟ. ಇಬ್ಬರ ಲೆಕ್ಕವೂ ತಪ್ಪಿದ್ದರಿಂದಲೇ ಆ ನಾಣ್ಯಗಳು ಇವತ್ತು ಅಪರೂಪ. ನಿಮ್ಮ ಲೇಖನದ ಬೆನ್ನುಮೂಳೆ ಇದು. ಇದನ್ನು ನೀವು ಏಳನೇ ಪುಟದಲ್ಲಿ, ಅದೂ ಕಂಸದೊಳಗೆ, ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ!

ಎಡ್ವರ್ಡ್ ಪಾಠ ಕಲಿತ. ಅದೇ ವರ್ಷ ‘ನೋಬಲ್’ ತಂದ, 80 ಪೆನ್ನಿಯದು. ಇಲ್ಲಿ ಒಂದು ಸಾಲಿನಲ್ಲಿ ಓದುಗನಿಗೆ ಲೆಕ್ಕ ಕೊಡಿ: ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ. ರೂಪಾಯಿಗೆ 16 ಆಣೆ ಎಣಿಸಿದ ಜನ ನಾವು, ಅರ್ಥವಾಗುತ್ತದೆ. ನೀವು ಪೌಂಡಿಗೆ 20 ಪೆನ್ನಿ ಅಂತ ಬರೆದಿರುವುದರಿಂದ ಮುಂದಿನ ಲೆಕ್ಕವೆಲ್ಲ ಕೆಟ್ಟಿದೆ. ನೋಬಲ್ ಶುರುವಿನಲ್ಲಿ ಸುಮಾರು 9 ಗ್ರಾಂ ಇತ್ತು. 1351ಕ್ಕೆ 7.8 ಗ್ರಾಂ ಆಯಿತು. 1412ಕ್ಕೆ 7 ಗ್ರಾಂ. 1465ರಲ್ಲಿ ಅದೇ 80 ಪೆನ್ನಿಗೆ ‘ಏಂಜೆಲ್’ ಅನ್ನುವ ಹೊಸ ನಾಣ್ಯ ಬಂತು, ತೂಕ 5.2 ಗ್ರಾಂ. ಬೆಲೆ ಅಷ್ಟೇ, ಚಿನ್ನ ಮಾತ್ರ ಸೋಪಿನ ಹಾಗೆ ಸವೆಯುತ್ತಾ ಬಂತು.

ಏಂಜೆಲ್ ಬಗ್ಗೆ ನೀವು ಬರೆದದ್ದು ಇಡೀ ಲೇಖನದಲ್ಲೇ ಚೆನ್ನಾಗಿದೆ. ಗಂಡಮಾಲೆ ರೋಗಿಗಳನ್ನು ವಾಸಿಮಾಡಲೆಂದು ರಾಜ ಮುಟ್ಟಿ, ತೂತು ಕೊರೆದ ಏಂಜೆಲನ್ನು ಅವರ ಕುತ್ತಿಗೆಗೆ ಹಾಕುತ್ತಿದ್ದ ಪ್ಯಾರಾದಲ್ಲಿ ಒಂದು ಪದವನ್ನೂ ಮುಟ್ಟಬೇಡಿ. ಆ ತೂತು ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ಜಾಗ. ಗಿನಿಗೆ ನೀವು ಕೊಟ್ಟಿರುವುದು ಎರಡೇ ಸಾಲು! ‘ಇದು ಅಷ್ಟೇನೂ ಅಪರೂಪವಲ್ಲ’ ಅಂತ ಕಾರಣ ಬೇರೆ. ಬೆಲೆ ಬದಲಾಗುವ ಕಥೆಗೆ ಇದಕ್ಕಿಂತ ಒಳ್ಳೆಯ ನಾಣ್ಯ ಎಲ್ಲಿ ಸಿಗುತ್ತದೆ?

1663ರಲ್ಲಿ ಬಂದ ನಾಣ್ಯ. ಚಿನ್ನ ಆಫ್ರಿಕಾದ ಗಿನಿ ಕರಾವಳಿಯದು, ಹೆಸರೂ ಅಲ್ಲಿಯದೇ. ಹೊರಡಿಸುವಾಗ ಬೆಲೆ 20 ಶಿಲ್ಲಿಂಗ್. ಆದರೆ ನಾಣ್ಯದ ಮೇಲೆ ಬೆಲೆ ಬರೆದಿರಲಿಲ್ಲ. ಹಾಗಾಗಿ ಪೇಟೆ ಹೇಳಿದ್ದೇ ಬೆಲೆ. ಬೆಳ್ಳಿ ನಾಣ್ಯದ ಅಂಚನ್ನು ಕತ್ತರಿಸಿ ಕದಿಯುವ ದಂಧೆ ಆಗ ಜೋರಾಗಿತ್ತು. ಬೆಳ್ಳಿ ನಾಣ್ಯ ಸೊರಗಿದಷ್ಟೂ ಗಿನಿ ಏರಿತು. 1695ರ ಹೊತ್ತಿಗೆ ಒಂದು ಗಿನಿಗೆ 30 ಶಿಲ್ಲಿಂಗ್. ಚಿನ್ನದ ತೂಕ ಒಂದು ಗುಂಜಿಯೂ ಹೆಚ್ಚಾಗಿರಲಿಲ್ಲ. 1696ರಲ್ಲಿ ಬೆಳ್ಳಿ ನಾಣ್ಯಗಳನ್ನೆಲ್ಲ ಕರಗಿಸಿ ಹೊಸದಾಗಿ ಅಚ್ಚು ಹಾಕಿದರು, ಗಿನಿ ಇಳಿಯಿತು. ಅದೇ ವರ್ಷ ಟಂಕಸಾಲೆಗೆ ಐಸಾಕ್ ನ್ಯೂಟನ್ ಬಂದರು. (ನೀವು ಇಲ್ಲಿ ಸೇಬಿನ ಕಥೆ ಹಾಕಿದ್ದೀರಿ. ತೆಗೆಯಿರಿ.)

1717ರ ಸೆಪ್ಟೆಂಬರಿನಲ್ಲಿ ನ್ಯೂಟನ್ ಒಂದು ವರದಿ ಕೊಟ್ಟರು. ಆಗ ಗಿನಿ 21 ಶಿಲ್ಲಿಂಗ್ 6 ಪೆನ್ನಿ ಇತ್ತು. ಆ ಲೆಕ್ಕದಲ್ಲಿ ಇಂಗ್ಲೆಂಡಿನಲ್ಲಿ ಒಂದು ತೂಕ ಚಿನ್ನಕ್ಕೆ ಹದಿನೈದೂವರೆ ತೂಕ ಬೆಳ್ಳಿ. ಚೀನಾ, ಜಪಾನಿನಲ್ಲಿ ಒಂಬತ್ತೋ ಹತ್ತೋ. ಭಾರತದಲ್ಲಿ ಹನ್ನೆರಡು. ಇದು ವರದಿಯಲ್ಲೇ ಇದೆ. ಅಂದರೆ ಬೆಳ್ಳಿಯನ್ನು ಹಡಗಿಗೆ ಹಾಕಿ ಪೂರ್ವಕ್ಕೆ ಕಳಿಸಿದವನಿಗೆ ಲಾಭ. ಇಂಗ್ಲೆಂಡಿನ ಬೆಳ್ಳಿ ನಮ್ಮ ಕಡೆ ಹರಿಯುತ್ತಿದ್ದದ್ದು ಯಾಕೆ ಅನ್ನುವುದಕ್ಕೆ ನ್ಯೂಟನ್ ಬಾಯಲ್ಲೇ ಉತ್ತರ ಸಿಗುತ್ತದೆ. ಸದ್ಯಕ್ಕೆ ಗಿನಿಯಿಂದ 6 ಪೆನ್ನಿ ಇಳಿಸಿ ನೋಡೋಣ ಅಂದರು. ಡಿಸೆಂಬರಿನಲ್ಲಿ 21 ಶಿಲ್ಲಿಂಗ್ ಅಂತ ಗೊತ್ತುಮಾಡಿದರು. ಇಳಿಸಿದ್ದು ಸಾಲಲಿಲ್ಲ. ಬೆಳ್ಳಿ ಹೊರಗೆ ಹೋಗುತ್ತಲೇ ಇತ್ತು, ಚಿನ್ನ ಒಳಗೆ ಬರುತ್ತಲೇ ಇತ್ತು. ಹೀಗೆ ಇಂಗ್ಲೆಂಡ್ ಯಾರೂ ಕೂತು ತೀರ್ಮಾನ ಮಾಡದೆ ಚಿನ್ನದ ನಾಡಾಯಿತು. ಇದಕ್ಕೆ ಕನಿಷ್ಠ ಎರಡು ಪುಟ ಕೊಡಿ.

1814ಕ್ಕೆ ಗಿನಿ ಅಚ್ಚಾಗುವುದು ನಿಂತಿತು. ಆದರೂ ವಕೀಲರು, ಡಾಕ್ಟರು 21 ಶಿಲ್ಲಿಂಗಿನ ಲೆಕ್ಕದಲ್ಲೇ ಫೀಸು ಕೇಳುತ್ತಿದ್ದರು. ಇಂಗ್ಲೆಂಡಿನ ಕುದುರೆ ಹರಾಜಿನಲ್ಲಿ ಇವತ್ತಿಗೂ ಗಿನಿ ಲೆಕ್ಕ ಇದೆ. ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಓಡುವ ‘ಇಂಡಿಯನ್ 2000 ಗಿನೀಸ್’ ಹೆಸರನ್ನು ರೇಸಿನ ಚಟ ಇರುವವರು ಕೇಳಿರುತ್ತಾರೆ.

1729ರ ಐದು ಗಿನಿ ನಾಣ್ಯದಲ್ಲಿ ಎರಡನೇ ಜಾರ್ಜ್ ಮುಖದ ಕೆಳಗೆ ‘ಇ.ಐ.ಸಿ.’ ಅಂತ ಇರುವುದನ್ನು ಗಮನಿಸಿದ್ದೀರಿ, ಭೇಷ್. ಆದರೆ ‘ಇದು ಭಾರತದಿಂದ ದೋಚಿದ ಚಿನ್ನ’ ಅಂತ ಘೋಷಿಸಿದ್ದೀರಿ. ಆ ಅಕ್ಷರ ಹೇಳುವುದು ಇಷ್ಟೇ: ಟಂಕಸಾಲೆಗೆ ಚಿನ್ನ ಒದಗಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಕಂಪನಿಗೆ ಅದು ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ ಇದ್ದರೆ ಬರೆಯಿರಿ, ಮೊದಲ ಪುಟದಲ್ಲೇ ಹಾಕೋಣ. ಇಲ್ಲದಿದ್ದರೆ ಸಿಟ್ಟನ್ನು ಮಾತ್ರ ಅಚ್ಚು ಹಾಕಲು ಆಗುವುದಿಲ್ಲ.

ಸಾವರಿನ್ ವಿಷಯಕ್ಕೆ ಬಂದರೆ, ‘1489ರಿಂದ ಇಂದಿನವರೆಗೆ ಅವಿಚ್ಛಿನ್ನವಾಗಿ’ ಅನ್ನುವ ಸಾಲು ತಪ್ಪು. ಏಳನೇ ಹೆನ್ರಿಯ ಸಾವರಿನ್ ಹದಿನೈದೂವರೆ ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ, ಬೆಲೆ 20 ಶಿಲ್ಲಿಂಗ್. 1817ರದ್ದು 7.99 ಗ್ರಾಂ, 22 ಕ್ಯಾರೆಟ್, ಬೆಲೆ ಅದೇ 20 ಶಿಲ್ಲಿಂಗ್. ಮಧ್ಯೆ ಇನ್ನೂರು ವರ್ಷಕ್ಕೂ ಜಾಸ್ತಿ ಆ ಹೆಸರಿನ ನಾಣ್ಯವೇ ಇರಲಿಲ್ಲ. ಹೆಸರು ಮರಳಿ ಬಂತು, ಚಿನ್ನ ಅರ್ಧಕ್ಕಿಂತ ಕಡಿಮೆ ಬಂತು. ಹೊಸ ಸಾವರಿನ್ ಲೆಕ್ಕ ಸರಳ. ಗಿನಿಯ ಚಿನ್ನವನ್ನು 21 ಪಾಲು ಮಾಡಿ ಒಂದು ಪಾಲು ತೆಗೆದರೆ ಉಳಿಯುವುದೇ ಸಾವರಿನ್.

‘ಹಳೆಯದಾದಷ್ಟೂ ಅಪರೂಪ, ಕಡಿಮೆ ಅಚ್ಚಾದಷ್ಟೂ ದುಬಾರಿ’ ಅಂತಲೂ ಬರೆದಿದ್ದೀರಿ. 1819ರ ಸಾವರಿನ್‌ಗೆ ಇದು ಹೊಂದುತ್ತದೆ, 3,574 ಮಾತ್ರ ಅಚ್ಚಾಗಿದ್ದವು. ಆದರೆ 1917ರ ಲಂಡನ್ ಸಾವರಿನ್? ಹತ್ತು ಲಕ್ಷಕ್ಕೂ ಜಾಸ್ತಿ ಅಚ್ಚಾಯಿತು. ಆದರೂ ಇವತ್ತು ಸಿಗುವುದು ಕಷ್ಟ. ಅದೇ 1917ರಲ್ಲಿ ಸಿಡ್ನಿ, ಪರ್ತ್‌ನಲ್ಲಿ ಅಚ್ಚಾದವು ಧಾರಾಳವಾಗಿ ಸಿಗುತ್ತವೆ. ವ್ಯತ್ಯಾಸ ಇರುವುದು ಇಸವಿಯ ಮೇಲೆ ಕೂತ ಒಂದು ಪುಟ್ಟ ಅಕ್ಷರದಲ್ಲಿ. ಅಕ್ಷರ ಇಲ್ಲದಿದ್ದರೆ ಲಂಡನ್. ಹಾಗಾಗಿಯೇ 1917ರ ನಕಲಿ ನಾಣ್ಯಗಳೂ ಇವೆ. ಆ ಜಾಗದಲ್ಲಿ ‘ಐ’ ಇದ್ದರೆ 1918ರ ಬಾಂಬೆ. ಆ ವರ್ಷ ಅಲ್ಲಿ ಸುಮಾರು 13 ಲಕ್ಷ ಸಾವರಿನ್ ಅಚ್ಚಾದವು. ನಿಮ್ಮ ಹನ್ನೊಂದರಲ್ಲಿ ಇದು ಇಲ್ಲವೇ ಇಲ್ಲ!

ಎಂಟನೇ ಎಡ್ವರ್ಡನ ಸಾವರಿನ್ 2020ರಲ್ಲಿ ಹತ್ತು ಲಕ್ಷ ಪೌಂಡಿಗೆ ಹೋಯಿತು ಅಂತ ಅದನ್ನೇ ಕೊನೆಗೆ ಇಟ್ಟಿದ್ದೀರಿ. ಅದು ಚಲಾವಣೆಗೆ ಬಂದ ನಾಣ್ಯವೇ ಅಲ್ಲ, ರಾಜ ಪಟ್ಟ ಬಿಟ್ಟುಹೋದ. ಎರಡು ಸಾಲು ಸಾಕು.

ಕೊನೆಯದಾಗಿ ನಿಮ್ಮ ಶುರು. ಅಜ್ಜಿಯ ಕಾಸಿನ ಸರ, ಸಂಜೆಯ ದೀಪ, ಅಜ್ಜಿಯ ಕಣ್ಣಲ್ಲಿ ನೀರು. ದಯವಿಟ್ಟು ತೆಗೆಯಿರಿ. ವಾರಕ್ಕೆ ಮೂರು ಅಜ್ಜಿಯರು ನನ್ನ ಮೇಜಿನ ಮೇಲೆ ಅಳುತ್ತಾರೆ. ಸರದಲ್ಲಿರುವ ‘ಮುಸುಕು ಹೊದ್ದ ವಿಕ್ಟೋರಿಯಾ, 1900’ ಸಾವರಿನ್ ಕೋಟಿ ಬಾಳಬಹುದು ಅಂತ ಬರೆದಿದ್ದೀರಿ. ಬಾಳುವುದಿಲ್ಲ. ಆ ವರ್ಷ ಲಂಡನ್ ಟಂಕಸಾಲೆಯೇ ಒಂದು ಕೋಟಿಗೂ ಜಾಸ್ತಿ ಅಚ್ಚು ಹಾಕಿತ್ತು. ಸರಕ್ಕೆ ಪೋಣಿಸಲು ಬೆಸುಗೆ ಹಾಕಿ ಕೊಂಡಿ ಕೂರಿಸಿದ ಮೇಲಂತೂ ಸಂಗ್ರಾಹಕರು ಮುಖ ತಿರುಗಿಸುತ್ತಾರೆ. ಉಳಿಯುವುದು ಚಿನ್ನದ ಬೆಲೆ.

ಆದರೆ ಅಜ್ಜಿಯನ್ನು ಪೂರ್ತಿ ಬಿಡಬೇಡಿ, ಕಣ್ಣೀರು ಮಾತ್ರ ಬಿಡಿ. ಆ ಬೆಸುಗೆಯನ್ನು ಏಂಜೆಲ್‌ನ ತೂತಿನ ಪಕ್ಕ ತನ್ನಿ. ಅಲ್ಲಿ ರೋಗಿಯ ಕುತ್ತಿಗೆ, ಇಲ್ಲಿ ಅಜ್ಜಿಯ ಕುತ್ತಿಗೆ. ಎರಡೂ ಕಡೆ ನಾಣ್ಯ ಪೇಟೆ ಬಿಟ್ಟು ಮೈಮೇಲೆ ಬಂತು. ನಮ್ಮಲ್ಲಿ ‘ಒಂದು ಪವನು’ ಅಂದರೆ 8 ಗ್ರಾಂ ಅನ್ನುತ್ತಾರಲ್ಲ, ಅದು ಪೌಂಡ್‌ನಿಂದ ಬಂದ ಪದ, ತೂಕ ಈ ಸಾವರಿನ್‌ದೇ. ಅಜ್ಜಿ ಸಂಬಂಧ ಇಷ್ಟು ಗಟ್ಟಿ ಇರುವಾಗ ದೀಪ ಯಾಕೆ ಬೇಕು?

ಹನ್ನೊಂದರ ಬದಲು ಐದು ನಾಣ್ಯ ಸಾಕು: ಹೆನ್ರಿಯ ಪೆನ್ನಿ, ಲೆಪರ್ಡ್, ಏಂಜೆಲ್, ಗಿನಿ, ಸಾವರಿನ್. ಪೌಂಡಿನ ಬೆಲೆಗಳನ್ನು ಇವತ್ತಿನ ರೂಪಾಯಿಗೆ ತಿರುಗಿಸಬೇಡಿ, ಮಾರಾಟದ ವರ್ಷ ಹೇಳಿ ಸುಮ್ಮನಾಗಿ. ತಿಂಗಳೊಳಗೆ ಕಳಿಸಿದರೆ ನೋಡುತ್ತೇನೆ. ಜೊತೆಗೆ ಅಜ್ಜಿಯ ನಾಣ್ಯದ ಫೋಟೋ ಇರಲಿ, ಎರಡೂ ಮುಖದ್ದು, ಬೆಸುಗೆ ಕಾಣುವಂತೆ. ಫೋಟೋಗೆ ಹೊಳೆಯಲಿ ಅಂತ ಅಂಟುವಾಳಕಾಯಿ ಹಾಕಿ ಉಜ್ಜಬೇಡಿ.

ಇಂತಿ,
ಸಂಪಾದಕ