ಎಡಗೈಲಿ ಬರೆಯುವವರ ಮಿದುಳು ಉಲ್ಟಾ ಇರುತ್ತಾ?

ಕೊಪ್ಪಳದ ತಾಯಿಯೊಬ್ಬರು ಕೇಳಿದ್ದಾರೆ: ಮಗ ಎಡಗೈಲಿ ಬರೆಯುತ್ತಾನೆ, ಅವನ ಮಿದುಳು ಉಲ್ಟಾ ಕೆಲಸ ಮಾಡುತ್ತಾ?

ಇಲ್ಲ ಮೇಡಂ. ಬಲಗೈಯನ್ನು ಮುಖ್ಯವಾಗಿ ಆಡಿಸೋದು ಎಡ ಮಿದುಳು, ಎಡಗೈಯನ್ನು ಬಲ ಮಿದುಳು. ಎಡಚರಿಗೂ ಇದೇ ಲೆಕ್ಕ. ಮಿದುಳಿನಿಂದ ಕೆಳಗಿಳಿಯುವ ನರದ ಎಳೆಗಳಲ್ಲಿ ಹೆಚ್ಚಿನವು ಕತ್ತಿನ ಮೇಲ್ಗಡೆ, ಮಿದುಳಬಳ್ಳಿ (ಬೆನ್ನುಹುರಿ) ಶುರುವಾಗುವ ಹತ್ತಿರ, ಆಚೆ ಬದಿಗೆ ದಾಟುತ್ತವೆ.

ವ್ಯತ್ಯಾಸ ಇರೋದು ಸ್ವಲ್ಪ ವಿಚಿತ್ರವಾದ ಕಡೆ. ನಿಮ್ಮ ಪಕ್ಕದ ಕಿನ್ನಾಳದಲ್ಲಿ ಗೊಂಬೆಗೆ ಕಣ್ಣು ಬರೆಯೋದನ್ನು ನೋಡಿರ್ತೀರಿ ಅಲ್ವಾ? ಸಣ್ಣ ಕುಂಚ, ತುದಿಬೆರಳಿನ ಕೆಲಸ. ಕುಂಚ ಬಲಗೈಲಿದ್ದರೆ ಬಹುಪಾಲು ದುಡಿಯೋದು ಎಡ ಮಿದುಳು. ಅದನ್ನೇ ಎಡಗೈಗೆ ಕೊಟ್ಟರೆ ಬಲ ಮಿದುಳು ದುಡಿಯುತ್ತೆ, ಆದರೆ ಎಡ ಮಿದುಳೂ ಸುಮ್ನೆ ಕೂರಲ್ಲ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಬೆರಳಾಡಿಸಲು ಹೇಳಿ ಎಂಆರ್‌ಐ ಸ್ಕ್ಯಾನ್ ಮಾಡಿದಾಗ ಕಂಡದ್ದು ಇಂಥದ್ದೇ. ಬಲಗೈ ಬಳಸುವವರಲ್ಲಿ ಎಡ ಮಿದುಳಿನ ಈ ಒತ್ತಾಸೆ ಜಾಸ್ತಿ, ಎಡಚರಲ್ಲಿ ಕಡಿಮೆ.

ಮಾತಿನ ವಿಷಯಕ್ಕೆ ಬಂದರೆ, ಎಡಚರಲ್ಲೂ ಹತ್ತರಲ್ಲಿ ಸುಮಾರು ಏಳು ಜನಕ್ಕೆ ಅದು ಎಡ ಮಿದುಳಿನ ಕೆಲಸವೇ.

ಹಿರಿಯರು ಗದರಿಸಿ ಕೈ ಬದಲಾಯಿಸುತ್ತಾರಲ್ಲ, ಅದು ನನಗೆ ಸರಿ ಕಾಣಲ್ಲ. ಹಾಗೆ ಬಲಗೈಗೆ ಬದಲಾದವರ ಸ್ಕ್ಯಾನ್ ನೋಡಿದರೆ, ಬರೆಯುವಾಗ ಬಲ ಮಿದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗೇ ಇರುತ್ತವೆ. ಮಗ ಎಡಗೈಲೇ ಬರೆಯಲಿ ಬಿಡಿ. ಬೆಂಚಿನ ಎಡತುದಿಗೆ ಕೂರಿಸಿದರೆ ಪಕ್ಕದವನ ಮೊಣಕೈ ತಾಗಲ್ಲ.